ಭಾವ ಬಂದಾಗ ಅಧ್ಯಕ್ಷೆ ಏಳಲಿಲ್ಲ

ಮಂಟಿಕೊಪ್ಪಲಿನ ಮೇಗಲಬೀದಿಗೆ ನಲ್ಲಿ ಬಂದಿತ್ತು, ನೀರು ಬಂದಿರಲಿಲ್ಲ. ತಗ್ಗಿನಲ್ಲಿರುವ ಹಳೇ ಟ್ಯಾಂಕಿನ ನೀರು ದಿಬ್ಬ ಹತ್ತುವುದಿಲ್ಲ. ಹೆಂಗಸರು ಕೆಳಗಲಬೀದಿಯಿಂದ ಕೊಡ ಹೊತ್ತು ಏರಬೇಕು. ದಿಬ್ಬದ ಮೇಲೆ ಹೊಸ ಟ್ಯಾಂಕು ಬೇಕೆಂದರೆ ಗ್ರಾಮಸಭೆ ಒಪ್ಪಬೇಕು. ಸಭೆ ಎರಡು ಸಲ ಸೇರಿತು, ಎರಡು ಸಲವೂ ಕೂಗಾಟದಲ್ಲೇ ಮುರಿದುಬಿತ್ತು.

ಪಂಚಾಯ್ತಿ ಅಧ್ಯಕ್ಷೆ ಚಿಕ್ಕಲಕ್ಷ್ಮಮ್ಮ ಕೊಣನೂರು ಸಂತೆಯಲ್ಲಿ ದಲ್ಲಾಳಿಗಳ ಬಾಯಿ ಮುಚ್ಚಿಸುವ ಹೆಂಗಸು. ಆದರೆ ಗಂಡನ ಅಣ್ಣ ಚನ್ನಪ್ಪ ಸಭೆಯ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ಭಾವ ನಿಂತಿರುವಾಗ ತಮ್ಮನ ಹೆಂಡತಿ ಕುರ್ಚಿಯಲ್ಲಿ ಕೂರುವುದು ಆ ಮನೆಯಲ್ಲಿ ಇಲ್ಲದ ಪದ್ಧತಿ. ಖಾಲಿ ಕುರ್ಚಿ ಕಂಡ ಮೇಲೆ ಚನ್ನಪ್ಪ ಬಿಡುವವರೇ? ಹೋಗಿ ಕೂರುತ್ತಿದ್ದರು. ಅಧ್ಯಕ್ಷೆ ಗೋಡೆ ಪಕ್ಕ. ಆಮೇಲೆ ಯಾರು ಯಾರನ್ನು ಏನೆಂದು ಬೈದರೂ 'ಸಾಕು ನಿಲ್ಲಿಸಿ' ಎನ್ನುವವರೇ ಇರುತ್ತಿರಲಿಲ್ಲ.

ಮೂರನೇ ಸಭೆಯ ಹಿಂದಿನ ದಿನ ಉಪಾಧ್ಯಕ್ಷೆ ಚಕ್ರೇಶ್ವರಿ ಬಂದರು. ಚನ್ನರಾಯಪಟ್ಟಣದ ಕಡೆಯ ಜೈನರ ಮನೆ ಮಗಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಮಾತಾಡಲೆಂದೇ ಬಂದು ಜಗಲಿ ಮೇಲೆ ಕೂತರು.

"ಈ ಸಲವೂ ಮುರಿದರೆ ಟ್ಯಾಂಕು ಬೇರೆ ಊರಿಗೆ ಹೋಗುತ್ತೆ ಲಕ್ಷ್ಮಮ್ಮ. ನಾಳೆ ನೀವು ಏಳಬಾರದು."

"ಅಯ್ಯೋ, ಅದೆಂಗಾದದು ಚಕ್ರೇಶ್ವರಮ್ಮ? ಭಾವನೋರು ನಿಂತಿರ್ತಾರೆ, ನಾನು ಮಾರಾಣಿ ಅಂಗೆ ಕೂತಿರಾದಾ? ಊರೇ ಉಗಿಯಾಕಿಲ್ವಾ?"

"ಸಂಘದೋರ ಜೊತೆ ವಿಧಾನಸಭೆ ನೋಡೋಕೆ ಹೋಗಿದ್ನಲ್ಲ. ಎಂಥೆಂಥಾ ಮಂತ್ರಿಗಳೂ ಒಳಗೆ ಬರ್ತಾ ಸಭಾಧ್ಯಕ್ಷರ ಪೀಠಕ್ಕೆ ತಲೆ ಬಾಗಿಸ್ತಾರೆ. ವಿರೋಧ ಪಕ್ಷದೋರೂ ಅಷ್ಟೆ. ಸಭಾಧ್ಯಕ್ಷರು ಎದ್ದು ನಿಂತ್ರೆ ಮಿಕ್ಕೋರು ಕೂತ್ಕೋಬೇಕು."

"ಸುಮ್ನಿರಿ! ಟೀವೀಲಿ ನಾವ್ ನೋಡಿಲ್ವಾ? ಕಾಗ್ದ ಅರ್ದು ಎಸೀತಾರೆ."

"ಅದು ತಪ್ಪು. ದೊಡ್ಡ ಸಭೇಲಿ ಮಾಡಿದ್ರೆ ಇನ್ನೂ ದೊಡ್ಡ ತಪ್ಪು. ಪ್ರಶ್ನೆ ಕೇಳಲಿ, ಒಪ್ಪಲ್ಲ ಅನ್ನಲಿ, ಸಭೆ ಇರೋದೇ ಅದಕ್ಕೆ. ಆದರೆ ಪೀಠಕ್ಕೆ ಹೇಳಿ ಒಪ್ಪಲ್ಲ ಅನ್ನಬೇಕು. ಪಂಚಾಯ್ತಿಗೂ ಸಂವಿಧಾನದಲ್ಲೇ ಜಾಗ ಕೊಟ್ಟಿರೋದು. ಆ ಕುರ್ಚಿ ನಿಮ್ಮದಲ್ಲ ಲಕ್ಷ್ಮಮ್ಮ, ಊರಿಂದು. ಊರಿನ ಕುರ್ಚೀನ ಮನೆಯೋರಿಗೆ ಬಿಟ್ಟುಕೊಡೋಕೆ ನೀವ್ಯಾರು?"

ಚಿಕ್ಕಲಕ್ಷ್ಮಮ್ಮನಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡು ಊರಿನ ಮರ್ಯಾದೆಯನ್ನೇ ಕೊಟ್ಟುಬಿಡುತ್ತಿದ್ದೆನಲ್ಲ!

ಮರುದಿನ ಶಾಲೆಯ ಕೊಠಡಿ ತುಂಬಿತ್ತು. ಚನ್ನಪ್ಪ ಬಂದರು. ಚಿಕ್ಕಲಕ್ಷ್ಮಮ್ಮನ ಕಾಲು ತಾನಾಗಿ ಏಳಲು ಹೊರಟಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತರು. ಕೂತಲ್ಲಿಂದಲೇ ಕೈಮುಗಿದು, "ಬನ್ನಿ, ಮುಂದ್ಲ ಸಾಲಲ್ಲಿ ಜಾಗ ಐತೆ" ಅಂದರು.

ಚನ್ನಪ್ಪ ನಿಂತೇ ಇದ್ದರು. "ಏನವ್ವಾ, ಎದ್ದೇಳಾದೂ ಮರ್ತೋಯ್ತಾ?"

ಯಾರೋ ಕಿಸಕ್ಕೆಂದರು. ಚಿಕ್ಕಲಕ್ಷ್ಮಮ್ಮ ಕುರ್ಚಿಯ ಕೈ ಬಿಡಲಿಲ್ಲ. ಭಾವನ ಕಡೆ ನೋಡಿ ಹೇಳಿದರು:

"ನೀವು ಡೈರಿ ಅಧ್ಯಕ್ಷರಾಗಿದ್ದಾಗ ಒಂದಿನ ನಮ್ಮನೆ ಹಾಲು ನೀರಾಗೈತೆ, ಡಿಗ್ರಿ ಬರ್ನಿಲ್ಲ ಅಂತ ಕ್ಯಾನೇ ವಾಪಸ್ ಕಳುಸುದ್ರಿ. ತಂದಿದ್ದು ನಿಮ್ ಒಡಹುಟ್ಟಿದ ತಮ್ಮ. ಅವತ್ತು ಏನಂದ್ರಿ, ಸಭೆಗೆ ಯೋಳಿ."

ಚನ್ನಪ್ಪ ಮೀಸೆ ಸವರಿಕೊಂಡರು. ಹಿಂದಿನಿಂದ ಮೇಗಲಬೀದಿಯ ಬೈರಯ್ಯ ಕೂಗಿದರು, "ಇಲ್ಲಿ ನಾನು ಅಣ್ಣ ಅಲ್ಲ, ಅಧ್ಯಕ್ಷ ಅಂದಿದ್ರು! ನಾನೂ ಅಲ್ಲೇ ನಿಂತಿದ್ದೆ ಕಣ್ರಪ್ಪ!"

"ಊಂ. ಅಂದಿದ್ದೆ," ಎಂದರು ಚನ್ನಪ್ಪ. ಹೋಗಿ ಮುಂದಿನ ಸಾಲಿನಲ್ಲಿ ಕೂತರು.

"ಟ್ಯಾಂಕು ಬ್ಯಾಡ ಅಂತಿರೋರು ನೀವು, ಮೊದ್ಲು ನೀವೇ ಮಾತಾಡಿ. ಯಾರೂ ಅಡ್ಡ ಬಾಯಾಕಬೇಡಿ," ಎಂದರು ಅಧ್ಯಕ್ಷೆ.

ಚನ್ನಪ್ಪ ಎದ್ದು, "ಲೇ ಬೈರಾ, ನಿಂಗೆ..." ಎಂದು ಶುರುಮಾಡಿದರು.

"ನನ್ ಕಡೆ ತಿರುಗಿ ಯೋಳಿ. ಬೈರಣ್ಣನ ಕಡೆ ಬ್ಯಾಡ."

ಚನ್ನಪ್ಪ ತಿರುಗಿದರು. ಕುರ್ಚಿಯ ಕಡೆ ತಿರುಗಿದ ಮೇಲೆ ಬೈಗುಳ ನಾಲಗೆಗೆ ಬರಲಿಲ್ಲ, ವಿಷಯ ಬಂತು. "ಪೈಪು ನನ್ ತ್ವಾಟದಲ್ಲಿ ಓಗ್ತದೆ. ಗುಂಡಿ ತೆಗುದ್ರೆ ತೆಂಗಿನ ಬೇರು ಕಿತ್ತೋಯ್ತದೆ. ನನ್ ತಕರಾರು ಇಷ್ಟೇ."

ಎರಡು ಸಭೆಗಳ ಕೂಗಾಟದಲ್ಲಿ ಈ ಒಂದು ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ! ಬೈರಯ್ಯ ಕೈ ಎತ್ತಿ ಅಪ್ಪಣೆ ಕೇಳಿ, "ಅಂಗಾದ್ರೆ ರಸ್ತೆ ಪಕ್ಕದಲ್ಲೇ ತಗಂಡೋಗುವ. ವಸಿ ಸುತ್ತಾಯ್ತದೆ, ಆಗ್ಲಿ ಬುಡಿ," ಎಂದರು.

"ಸರಿ, ಸರಿ, ಬರ್ಕಳ್ರಪ್ಪಾ!" ಎಂದು ಅಧ್ಯಕ್ಷೆಯ ಗಂಡ ದೇವಯ್ಯ ಬಾಗಿಲಿಂದಲೇ ಅಪ್ಪಣೆ ಕೊಟ್ಟರು.

"ನೀವೂ ಕೈ ಎತ್ತಿ ಮಾತಾಡಿ," ಎಂದರು ಚಿಕ್ಕಲಕ್ಷ್ಮಮ್ಮ. ಸಭೆ ಗೊಳ್ಳೆಂದು ನಕ್ಕಿತು. ದೇವಯ್ಯನವರೂ ನಗುತ್ತಾ ಕೂತರು.

ಟ್ಯಾಂಕು ದಿಬ್ಬದ ಮೇಲೆ, ಪೈಪು ರಸ್ತೆ ಪಕ್ಕ. ಒಪ್ಪಿಗೆ ಕೇಳಿದಾಗ ಕೈಗಳು ಎದ್ದವು. ಎಲ್ಲಕ್ಕಿಂತ ಮುಂದೆ ಚನ್ನಪ್ಪನವರ ಕೈ.

ಟ್ಯಾಂಕು ಎದ್ದಿತು. ನೀರು ಬಿಡುವ ದಿನ ಮೇಗಲಬೀದಿಯವರೆಲ್ಲ ಖಾಲಿ ಕೊಡ ಹಿಡಿದು ಸಾಲು ನಿಂತಿದ್ದರು. ವಾಲ್ವು ತಿರುಗಿಸಲು ಯಾರೋ ಚನ್ನಪ್ಪನವರನ್ನೇ ಕರೆದರು. ಅವರು ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನಾನಲ್ಲ ಕಣ್ರಲಾ. ಅಧ್ಯಕ್ಷರು ಬರ್ಲಿ, ದಾರಿ ಬುಡಿ."

ನೀರು ದಿಬ್ಬ ಹತ್ತಿ ಬಂತು. ಬೈರಯ್ಯನ ಹೆಂಡತಿ ಕೊಡ ತುಂಬಿಸಿಕೊಳ್ಳುವುದನ್ನೂ ಮರೆತು ಶಿಳ್ಳೆ ಹಾಕಿದರು! ಅಂದು ಸಂಜೆ ಭಾವ ಮನೆಗೆ ಬಂದಾಗ ಚಿಕ್ಕಲಕ್ಷ್ಮಮ್ಮ ಎಂದಿನಂತೆ ಎದ್ದು ನಿಂತರು, ಕಾಫಿ ಕೊಟ್ಟರು. ಅದು ಮನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರ ಗ್ರಾಮಸಭೆ ಯಾವತ್ತು ಎಂದು ಇವತ್ತೇ ವಿಚಾರಿಸಿ. ಹೋಗಿ. ಅಧ್ಯಕ್ಷರನ್ನು ಅಧ್ಯಕ್ಷರೇ ಎಂದು ಕರೆಯಿರಿ. ಅವರು ನಿಮ್ಮ ಸೊಸೆಯಾಗಿರಲಿ, ನೀವು ಓಟು ಹಾಕದವರೇ ಆಗಿರಲಿ. ಪ್ರಶ್ನೆ ಎಷ್ಟು ಖಾರವಾಗಿದ್ದರೂ ಕೇಳಿ, ಬೈಗುಳ ಮಾತ್ರ ಬೇಡ. ಆ ಕುರ್ಚಿಯಲ್ಲಿ ಇರುವವರು ನೀವಾದರೆ, ನಿಮ್ಮನ್ನು ಒಪ್ಪದವರ ಮಾತನ್ನೇ ಮೊದಲು ಕೇಳಿಸಿಕೊಳ್ಳಿ. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೂ ಕುರ್ಚಿ ನಮ್ಮದೇ. ಅದಕ್ಕೆ ತೋರಿಸುವ ಗೌರವವೂ ನಮಗೇ ಸಲ್ಲುತ್ತದೆ.