ಮನೋರಮಾ ನೋಡಿದ ಐದು ದರ

ನಾಶಿಕದ ಸದಾನಂದರ ಹೋಟೆಲಿನಲ್ಲಿ ಬೆಳಗಿನ ಗದ್ದಲ ಇಳಿಯುವುದು ಹನ್ನೊಂದು ಗಂಟೆಗೆ. ಆಗ ಅವರ ಹೆಂಡತಿ ಮನೋರಮಾ ಅಡುಗೆಮನೆಯನ್ನು ಭಟ್ಟರಿಗೆ ಒಪ್ಪಿಸಿ, ಹೋಟೆಲಿನ ಮೇಲಿರುವ ಮನೆಗೆ ಹತ್ತುತ್ತಾರೆ. ಹದಿನೆಂಟು ಮೆಟ್ಟಿಲು. ಈಚೆಗೆ ಅವರು ಒಂಬತ್ತನೆಯದರಲ್ಲಿ ನಿಂತು ಕಿಟಕಿಯಿಂದ ರಸ್ತೆ ನೋಡುವುದಿತ್ತು. ಮೂವತ್ತು ವರ್ಷ ಕಂಡ ರಸ್ತೆಯಲ್ಲಿ ಹೊಸದೇನುಂಟೆಂದು ಸದಾನಂದರು ಕೆಳಗಿನಿಂದ ಚೇಷ್ಟೆ ಮಾಡುವರು. ಮನೋರಮಾ ನಕ್ಕು ಮತ್ತೆ ಹತ್ತುವರು.

ಆ ದಿನ ಗಲ್ಲಾದ ಮೇಲಿನ ಫೋನು ನಾಲ್ಕನೆಯ ಸಲ ಬಡಿದುಕೊಂಡಿತು. ನಾಲ್ಕೂ ಬೇರೆ ಬೇರೆ ವಿಮಾ ಕಂಪನಿಯವರದು, ನಾಲ್ವರೂ ಕೇಳಿದ್ದು ಮನೋರಮಾ ಮ್ಯಾಡಮ್ ಅವರನ್ನು. ವಿಷಯ ಇಷ್ಟೇ. ಗಂಡಹೆಂಡಿರ ಆರೋಗ್ಯ ವಿಮೆಯ ಕಂತು ಈ ವರ್ಷ ಏರಿತ್ತು. ಕಟ್ಟುವ ದಿನ ದಾಟಿ, ಕಂಪನಿ ಕೊಟ್ಟ ಒಂದು ತಿಂಗಳ ಹೆಚ್ಚಿನ ಗಡುವಿನಲ್ಲೂ ಅರ್ಧ ಕಳೆದಿತ್ತು. ಏರಿದ್ದು ನ್ಯಾಯವೋ ಅಲ್ಲವೋ ನೋಡೋಣವೆಂದು ಮನೋರಮಾ ಮೊಬೈಲಿನಲ್ಲಿ ಐದು ಕಂಪನಿಗಳ ದರ ಹೋಲಿಸಿದ್ದರು. ಫೋನ್ ನಂಬರ್ ಕೇಳಿದಲ್ಲಿ ಹೋಟೆಲಿನದನ್ನೇ ಕೊಟ್ಟಿದ್ದರು. ಆ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಕೊಡುವುದು ಅದೊಂದೇ ನಂಬರು.

ಸದಾನಂದರಿಗೆ ದಿಗಿಲಾಯಿತು. ಮಗ ವರುಣ ಸಂಭಾಜಿನಗರದ ಹತ್ತಿರ ಶೇಂದ್ರಾದ ಕಾರ್ಖಾನೆಗಳ ನಡುವೆ ಇನ್ನೊಂದು ಹೋಟೆಲು ತೆರೆಯಲು ಹೊರಟಿದ್ದ. ಬ್ಯಾಂಕಿನಲ್ಲಿ ಅಪ್ಪಮಗನ ಹೆಸರಿನಲ್ಲಿ ಸಾಲದ ಅರ್ಜಿ ಕೂತಿತ್ತು. ಆನ್‌ಲೈನಿನಲ್ಲಿ ಏನು ದರ ಕೇಳಿದರೂ, ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಕ್ರೆಡಿಟ್ ವರದಿಯ ಅಂಕ ಬಿದ್ದುಹೋಗುತ್ತದೆ ಎಂದು ಹೋಟೆಲಿನವರ ಕೂಟದಲ್ಲಿ ಯಾರೋ ಹೇಳಿದ್ದರು. ಆ ಮಾತನ್ನು ಸದಾನಂದರು ಮರುಪ್ರಶ್ನೆಯಿಲ್ಲದೆ ನಂಬಿದರು, ಏಕೆಂದರೆ ಅದು ಅವರ ಕಸುಬಿನ ಅನುಭವಕ್ಕೆ ಸರಿಯಾಗಿ ಹೊಂದುತ್ತಿತ್ತು.

“ಇಡ್ಲಿ ಬೇಯುವಾಗ ನಾಲ್ಕು ಸಲ ಮುಚ್ಚಳ ತೆಗೆದ್ರೆ ಒಳಗೆ ಹಬೆ ಎಲ್ಲಿ ಉಳೀತದೆ?” ಎಂದು ಅಡುಗೆಮನೆಯಿಂದ ಬಂದ ಮನೋರಮಾ ಮೇಲೆ ರೇಗಿದರು; ಭಟ್ಟರು, ಸಪ್ಲೈಯರುಗಳು, ಮೂವರು ಗಿರಾಕಿಗಳು ಎಲ್ಲರೆದುರೇ. “ಸಾಲ ಆಗುವವರೆಗೆ ಎಂತದೂ ಮುಟ್ಟಬೇಡ ಅಂತ ಹೇಳಿದ್ದಲ್ವಾ? ಹುಡುಗನ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು.”

“ನಾನು ಸಾಲ ಕೇಳ್ಲಿಲ್ಲ. ದರ ಮಾತ್ರ ನೋಡಿದ್ದು,” ಎಂದರು ಮನೋರಮಾ. ಇನ್ನೇನೋ ಹೇಳಲು ಬಾಯಿ ತೆರೆದರು. ವಿಮೆಯ ಮಾತೇ ಈಗ ಬೇಡ, ಸಾಲ ಬಂದ ಮೇಲೆ ಕಟ್ಟಿದರಾಯಿತು ಎಂದು ಸದಾನಂದರು ಮುಖ ತಿರುಗಿಸಿದರು. ಮನೋರಮಾ ಮೇಲೆ ಹೋದರು. ಒಂಬತ್ತನೆಯ ಮೆಟ್ಟಿಲಲ್ಲಿ ಬಹಳ ಹೊತ್ತು ನಿಂತರು. ಆ ದಿನ ಯಾರೂ ಚೇಷ್ಟೆ ಮಾಡಲಿಲ್ಲ.

ಸದಾನಂದರು ಕೆಟ್ಟವರಲ್ಲ. ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವರೂ ಅಲ್ಲ. ಆದರೆ ಗ್ರೈಂಡರಿಗೆ ವರ್ಷಕ್ಕೆರಡು ಸಲ ಸರ್ವಿಸ್ ಮಾಡಿಸುವ ಈ ಮನುಷ್ಯ ಹೆಂಡತಿಯ ಉಸಿರಿನ ಕಡೆ ಕಿವಿಗೊಟ್ಟಿರಲಿಲ್ಲ.

ಎರಡು ವಾರದ ಮೇಲೆ ಬ್ಯಾಂಕಿನಿಂದ ಕರೆ ಬಂತು. ತಂದೆಮಗ ಬೆಳಗ್ಗೆಯೇ ಹೊರಟು ಸಂಭಾಜಿನಗರ ತಲುಪಿದರು. ಮ್ಯಾನೇಜರ್ ರಘೋತ್ತಮ ಕಲಬುರಗಿಯವರು, ಕನ್ನಡ ಕೇಳಿದ್ದೇ ಚಹಾ ತರಿಸಿದರು. ಕಾಗದಗಳೆಲ್ಲ ಸರಿಯಾಗಿವೆ, ಸಹಿ ಹಾಕಿ ಎಂದರು. ಸಹಿ ಹಾಕಿದ ಮೇಲೆ ಸದಾನಂದರಿಗೆ ಒಳಗಿನ ಅಳುಕು ತಡೆಯಲಾಗಲಿಲ್ಲ. ಮನೆಯವಳಿಂದ ಒಂದು ತಪ್ಪಾಗಿದೆ ಎಂದು ವಿಮೆಯ ದರ ನೋಡಿದ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟರು.

ರಘೋತ್ತಮ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದರು. “ನಿಮ್ಮ ವರದಿ ಕೇಳಿದವ್ರ ಪಟ್ಟಿ ಇದು ನೋಡ್ರಿ. ಒಂದು ನಮ್ಮ ಬ್ಯಾಂಕು. ಇನ್ನೆರಡು ಕಾರ್ ಸಾಲದ್ದು, ನೀವೇ ಅರ್ಜಿ ಹಾಕಿದ್ದು. ವಿಮಾದ್ದು ಎಲ್ಲಿ ಅದ?”

ಹೋದ ದೀಪಾವಳಿಗೆ ಶೋರೂಮಿನಲ್ಲಿ ಯಾವುದು ಅಗ್ಗವೋ ಆಗಲಿ ಎಂದು ಎರಡು ಕಡೆ ಸಾಲಕ್ಕೆ ಬರೆದುಕೊಟ್ಟದ್ದು ಸದಾನಂದರಿಗೆ ನೆನಪಾಯಿತು. ಮುಚ್ಚಳ ತೆಗೆದ ಕೈ ತಮ್ಮದೇ.

“ಸಾಲಕ್ಕ ಅರ್ಜಿ ಹಾಕಿದಾಗ ಒಂಚೂರು ಇಳೀತದ, ಖರೆ,” ಎಂದರು ರಘೋತ್ತಮ. “ವಿಮಾ ದರ ನೋಡೋದು ಸಾಲ ಕೇಳಿದಂಗ ಅಲ್ರಿ. ನಿಮ್ಮ ಹೋಟೆಲ್ ಮುಂದ ದರದ ಬೋರ್ಡ್ ಓದಿ ಹೋದವ್ರಿಗೆ ಬಿಲ್ ಹರೀತೀರೇನು? ನಂಬರ್ ಕೊಟ್ಟದ್ದಕ್ಕ ಫೋನ್ ಬರ್ತಾವ, ಅಷ್ಟ ತ್ರಾಸು. ಮತ್ತ ನಿಮ್ಮ ಮನಿಯವ್ರು ನೋಡಿದ್ದು ನಿಮ್ಮ ವರದಿಗೆ ಯಾಕ ಬರ್ತದ? ಇರ್ಲಿ, ಕಂತು ಕಟ್ಟೀರಿಲ್ಲೋ?”

ಇಲ್ಲವೆಂದರು. ರಘೋತ್ತಮ ಪೆನ್ನು ಕೆಳಗಿಟ್ಟರು. ಅವರ ತಾಯಿಯ ಪಾಲಿಸಿ ನಾಲ್ಕೇ ದಿನ ತಡವಾಗಿ ಮುರಿದುಬಿದ್ದಿತ್ತಂತೆ. ಹೊಸದು ಮಾಡಿಸಿದರೂ ಹಳೆಯ ಕಾಯಿಲೆಯ ಖರ್ಚು ಸಿಗಲು ವರ್ಷಗಟ್ಟಲೆ ಕಾಯಬೇಕಾಯಿತಂತೆ.

ವರುಣ ಅಲ್ಲಿಂದಲೇ ತಾಯಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಪಾಲಿಸಿಯ ನಂಬರು ಕೇಳಿದರೆ ಮನೋರಮಾ ಬಾಯಿಪಾಠ ಒಪ್ಪಿಸಿದರು.

“ಅಮ್ಮ, ಉದ್ಯಾ ಲಾಸ್ಟ್ ಡೇಟ್, ಬರೋಬರ್ ನಾ?”

“ನಾಳೆ ಅಲ್ಲ ಮಗ, ಇವತ್ತು.”

ಹೆಂಡತಿ ಒಂದೊಂದು ದಿನವನ್ನೂ ಎಣಿಸುತ್ತ ಸುಮ್ಮನಿದ್ದಳು ಎಂಬುದು ಸದಾನಂದರಿಗೆ ಆಗ ತಿಳಿಯಿತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು.

“ಹೇಳ್ಲಿಕ್ಕೇ ಬಂದದ್ದು ಆ ದಿನ. ಐದು ಕಡೆ ನೋಡಿದೆ, ನಮ್ಮ ಹಳೆಯದೇ ಸರಿ ಉಂಟು, ಕಟ್ಟುವ ಅಂತ. ನೀವು ಮುಟ್ಟಬೇಡ ಅಂದ್ರಿ.” ಮನೋರಮಾ ಮುಂದುವರಿಸಿದರು, “ಮೆಟ್ಟಿಲು ಹತ್ತುವಾಗ ದಮ್ಮು ಕಟ್ತದೆ. ಡಾಕ್ಟ್ರ ಹತ್ರ ಹೋದ್ರೆ ಎಂತದಾದ್ರೂ ದೊಡ್ಡದು ಹೇಳಿಯಾರು. ವರುಣನ ಕೆಲಸ ಆಗ್ಲಿ ಅಂತ ಕೂತೆ.”

ಒಂಬತ್ತನೆಯ ಮೆಟ್ಟಿಲು ಸದಾನಂದರ ಕಣ್ಣಿಗೆ ಕಟ್ಟಿತು. ತಾವು ಮಾಡಿದ ಚೇಷ್ಟೆಗಳೂ ಒಂದೊಂದಾಗಿ ನೆನಪಾದವು. ವರುಣ ಕಂತು ಕಟ್ಟಿ ರಸೀದಿ ತೋರಿಸುವವರೆಗೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ.

ಮರುದಿನ ಹನ್ನೊಂದಕ್ಕೆ ಗಲ್ಲಾದ ಫೋನು ಮತ್ತೆ ಬಡಿದುಕೊಂಡಿತು. ಮತ್ತೊಂದು ವಿಮಾ ಕಂಪನಿ. ಭಟ್ಟರು ಬಾಣಲೆಯ ಮುಂದೆ ಕೈ ತಡೆದು ನಿಂತರು, ಸಪ್ಲೈಯರುಗಳು ಮುಖ ಮುಖ ನೋಡಿಕೊಂಡರು. ಸದಾನಂದರು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಈ ವರ್ಷದ್ದು ಕಟ್ಟಿ ಆಯಿತು, ಬರುವ ವರ್ಷ ಎರಡು ತಿಂಗಳು ಮೊದಲೇ ಫೋನ್ ಮಾಡಿ ಮ್ಯಾಡಮ್ ಹತ್ತಿರವೇ ಮಾತಾಡಿ, ನಮ್ಮಲ್ಲಿ ಇದೆಲ್ಲ ಗೊತ್ತಿರುವುದು ಅವರಿಗೆ, ನಾನು ತಿಳಿಯದೆ ಅವರನ್ನು ಬೈದೆ.

ಆಮೇಲೆ ಗಲ್ಲಾದ ಬೀಗದಕೈಯನ್ನು ಭಟ್ಟರಿಗೆ ಕೊಟ್ಟು ಮೆಟ್ಟಿಲು ಹತ್ತಿದರು. ಡಾಕ್ಟರಲ್ಲಿಗೆ ಹೋಗಲು ಸೀರೆ ಬದಲಿಸಿ ಇಳಿದು ಬಂದ ಮನೋರಮಾಗೆ ಗಂಡ ಒಂಬತ್ತನೆಯ ಮೆಟ್ಟಿಲಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತದ್ದು ಕಂಡಿತು.

“ಎಂತ ಹೊಸದುಂಟು ರಸ್ತೆಯಲ್ಲಿ?” ಎಂದು ಕೇಳಿದರು.

“ಎಂತದೂ ಇಲ್ಲ,” ಎಂದರು ಸದಾನಂದರು. “ನೀನು ದಮ್ಮು ತಕ್ಕೋ. ಆಮೇಲೆ ಇಳಿಯುವ.”