ಅವನ ಹೆಸರು ಹೇಳಿದವರಿಗೆ ಬಹುಮಾನ

"ಎಳೀರೇ! ಎಳೀರೇ! ಬೆನ್ನು ಮುರಿದ್ರೆ ನಾಳೆ ಎಣ್ಣೆ ತಿಕ್ಕೊಳ್ಳಿ, ಈಗ ಎಳೀರಿ!"

ಚುಕ್ಕಾಣಿ ಹಿಡಿದಿದ್ದ ಡಾರ್ಕಸ್ ಕೂಗಿದ್ದೇ ತಡ, ಹುಟ್ಟುಗಳೆಲ್ಲ ಒಟ್ಟಿಗೇ ನೀರಿಗೆ ಬಿದ್ದವು. ಹೆಸ್ಟರ್‌ಗೆ ಅಂಗೈ ಚರ್ಮ ಕಿತ್ತು ಬಂದದ್ದು ತಿಳಿಯಿತು, ನೋವು ಮಾತ್ರ ತಿಳಿಯಲಿಲ್ಲ. ಉಪ್ಪುನೀರು ಮುಖಕ್ಕೆ ರಾಚುತ್ತಿತ್ತು. ಪಂದ್ಯ ನೋಡಲು ಬಂದರಿನ ಗೋಡೆಯ ಮೇಲೆ ಇಡೀ ಊರು ನಿಂತು ಅರಚುತ್ತಿತ್ತು. ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಗುಡ್ಡದ ಮೇಲಿನ ರೈತರ ಹೆಂಗಸರ ದೋಣಿ.

"ಅವಳು ಹಾರ್ತಿದಾಳೆ ಕಣ್ರೇ!" ಮುಂದೆ ಕೂತಿದ್ದ ಕೆಜಾಯ ಏದುಸಿರಿನಲ್ಲೇ ನಕ್ಕಳು.

ಅವಳು ಅಂದರೆ ದೋಣಿ. ಇಂಗ್ಲೆಂಡಿನ ಯಾರ್ಕ್‌ಷೈರಿನ ಈ ಕಡಲತಡಿಯಲ್ಲಿ ದೋಣಿಯನ್ನು ಯಾರೂ 'ಅದು' ಎನ್ನುವುದಿಲ್ಲ. ಆದರೆ ವಸಂತದಿಂದೀಚೆಗೆ ಊರಿನಲ್ಲಿ ಇನ್ನೊಬ್ಬ 'ಅವಳು' ಇದ್ದಳು. 'ಅವಳು ಅಂಗಡಿಗೆ ಬಂದಿದ್ಲು.' 'ಅವಳ ಕಿಟಕಿ ತೆರೆದೇ ಇದೆ.' ಹೆಸ್ಟರ್ ಎದುರಿಗೇ ನಿಂತಿದ್ದರೂ ಅವಳು ಬರೀ ಅವಳು. ದೋಣಿಗೆ ಅಂದಾಗ ಇರುವ ಪ್ರೀತಿ ಆಗ ಇರುತ್ತಿರಲಿಲ್ಲ.

ಕಾರಣ ಒಂದು ವ್ಯಾಕರಣದ ಪಾಠ. ಒಳನಾಡಿನ ಹ್ಯಾಲಿಫ್ಯಾಕ್ಸಿನಿಂದ ಆಗಷ್ಟೇ ಟೀಚರಾಗಿ ಬಂದಿದ್ದ ಹೆಸ್ಟರ್ ಉತ್ಸಾಹದಿಂದ ಶುರುಮಾಡಿದ್ದಳು: "ನಾಮಪದಕ್ಕೆ ದಣಿವಾದಾಗ ಅದರ ಜಾಗದಲ್ಲಿ ಬಂದು ನಿಲ್ಲೋದೇ ಸರ್ವನಾಮ. ಆದ್ರೆ ಮಕ್ಕಳೇ, ಮೊದಲು ಹೆಸರು ಹೇಳಬೇಕು. ಇಲ್ದಿದ್ರೆ 'ಅವನು' ಅಂದ್ರೆ ಯಾವನು ಅಂತ ಹೇಗೆ ಗೊತ್ತಾಗತ್ತೆ?" ಹಾಗೆಂದು ಕಪ್ಪುಹಲಗೆಯ ಮೇಲೆ ಒಂದು ಪ್ರಾಣಿ ಬರೆದಳು. ದುಂಡು ಹೊಟ್ಟೆ, ಚಪ್ಪಟೆ ಮೂತಿ, ಸುರುಳಿ ಬಾಲ. ಹೆಸರನ್ನೂ ಗಟ್ಟಿಯಾಗಿ ಹೇಳಿದಳು. ಮಕ್ಕಳು ಚೀರಿಕೊಂಡು ಎದ್ದು, ಅಪಶಕುನ ಕಳೆಯಲೆಂದು ಒಲೆಯ ಕಬ್ಬಿಣವನ್ನು ಮುಟ್ಟಲು ಓಡಿದರು. ಮರುದಿನ ಒಂದು ದೋಣಿಯೂ ಕಡಲಿಗೆ ಇಳಿಯಲಿಲ್ಲ.

ಕೆಸರಲ್ಲಿ ಹೊರಳುವ ಆ ಪ್ರಾಣಿಯನ್ನು ಇಲ್ಲಿನವರು ಸಾಕುತ್ತಾರೆ, ಉಪ್ಪು ಸವರಿ ತೊಲೆಗೆ ತೂಗುಹಾಕುತ್ತಾರೆ, ಚಳಿಗಾಲವಿಡೀ ಬಾಯಿ ಚಪ್ಪರಿಸಿ ತಿನ್ನುತ್ತಾರೆ. ಹೆಸರು ಮಾತ್ರ ಎತ್ತುವುದಿಲ್ಲ. ಎತ್ತಿದರೆ ಕಡಲಿಗೆ ಕೇಳಿಸುತ್ತದೆ, ಹೋದ ಗಂಡಸರು ತಿರುಗಿ ಬರುವುದಿಲ್ಲ. 'ಅವನು' ಅಂದರೆ ಸಾಕು, ತೊಟ್ಟಿಲ ಕೂಸಿಗೂ ಅರ್ಥವಾಗುತ್ತದೆ. ಈ ಕಥೆಯಲ್ಲೂ ಅವನು ಅವನೇ.

ಇವತ್ತು ಬೆಳಿಗ್ಗೆ ಹುಟ್ಟು ಹಾಕಬೇಕಿದ್ದ ನ್ಯಾನ್‌ಳ ಮಣಿಕಟ್ಟು ಉಳುಕಿತು. "ನಾನು ಕೂರ್ತೀನಿ" ಎಂದು ಹೆಸ್ಟರ್ ಮರಳಿನ ಮೇಲೆ ಬೂಟು ಕಳಚಿಟ್ಟಳು. ಡಾರ್ಕಸ್ ಅವಳ ತೋಳು ಹಿಸುಕಿ ನೋಡಿ, "ನ್ಯಾನ್ ಜಾಗ ತುಂಬು, ಸಾಕು. ಬಾಯಿ ಮುಚ್ಕೊಂಡಿರು" ಎಂದಿದ್ದಳು. ಪಾಠ ಹೇಳಿದವಳೇ ಈಗ ಇನ್ನೊಬ್ಬಳ ಜಾಗದಲ್ಲಿ! ಹೆಸ್ಟರ್‌ಗೆ ನಗು ಬಂದಿತ್ತು. ಅವಳಿಗೆ ಬೇಕಾದದ್ದು ಒಂದೇ. ಈ ದೋಣಿಯಿಂದ ಇಳಿಯುವಾಗ ಯಾರಾದರೂ ಒಬ್ಬರು ತನ್ನ ಹೆಸರು ಹಿಡಿದು ಕೂಗಬೇಕು.

"ಇನ್ನೊಂದೇ ಸಲ! ಎಳೀರೇ!"

ದೋಣಿಯ ಮೂತಿ ಗುರಿಯ ಕೆಂಪು ತೇಲುಗುಂಡನ್ನು ದಾಟಿತು. ಒಂದೇ ಮೊಳ ಮುಂದೆ! ಗೋಡೆಯ ಮೇಲಿನ ಟೋಪಿಗಳೆಲ್ಲ ಮೇಲಕ್ಕೆ ಹಾರಿದವು. "ಡಾರ್ಕಸ್! ಕೆಜಾಯ!" ಹೆಸ್ಟರ್ ಕಿವಿಗೊಟ್ಟು ಕಾದಳು. "ಅವಳೂ ಪರವಾಗಿಲ್ಲ ಕಣೋ!" ಎಂದು ಯಾರೋ ಅಂದರು.

ಬಂದರಿನ ಮೆಟ್ಟಿಲ ಮೇಲೆ ಗುಡ್ಡದ ರೈತ ಥ್ವೇಟ್ ಬಹುಮಾನ ಹಿಡಿದು ನಿಂತಿದ್ದ. ದೊಡ್ಡ ಬುಟ್ಟಿ, ಅದರೊಳಗೆ ನೀಲಿ ಪಟ್ಟಿ ಕಟ್ಟಿಸಿಕೊಂಡ ಗುಲಾಬಿ ಮೈ. ಗುರ್ ಎಂದಿತು.

"ಅಯ್ಯೋ, ಎಷ್ಟು ದುಂಡಗಿದಾನೆ ನೋಡೇ ಅವನು! ಕ್ರಿಸ್ಮಸ್‌ಗೆ ಸರಿಯಾಗ್ತಾನೆ" ಎಂದಳು ಕೆಜಾಯ.

"ಯಾವನಮ್ಮ ಅವನು?" ಥ್ವೇಟ್ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡ. "ಹೆಸರಿಲ್ವಾ ಪಾಪ? ಬುಟ್ಟೀಲಿ ಏನಿದೆ ಅಂತ ಬಾಯಿಬಿಟ್ಟು ಹೇಳಿ, ಹೊತ್ಕೊಂಡ್ ಹೋಗಿ. ಆಗಲ್ಲ ಅಂದ್ರೆ ಎರಡನೇ ಬಂದೋರಿಗೆ ಕೊಡ್ತೀನಿ."

ಕಡಲ ಭಯವಿಲ್ಲದ ಗುಡ್ಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನ್ನ ಹೊಲದಲ್ಲಿ ಬರೀ ಕಲ್ಲು ಬೆಳೀಲಿ ಥ್ವೇಟ್!" ಡಾರ್ಕಸ್ ಕೆರಳಿದಳು. ಮರುಗಳಿಗೆಯೇ ಅವಳ ಕಣ್ಣು ಹೆಸ್ಟರ್ ಮೇಲೆ ಬಿದ್ದು ಫಳಕ್ಕನೆ ಹೊಳೆಯಿತು. "ಟೀಚರಮ್ಮ! ನೀನು ಹೇಳ್ಬಿಡು ತಾಯಿ."

"ನಾನಾ?"

"ಒಂದ್ಸಲ ಹೇಳಿ ನಾಲಿಗೆ ಪಳಗಿದೆಯಲ್ಲ. ಅವತ್ತು ಮಕ್ಕಳ ಕಿವಿಗೆ ಬಿತ್ತು, ಅದೇ ಎಡವಟ್ಟಾಗಿದ್ದು. ಇವತ್ತು ನಾವು ಕಿವಿ ಮುಚ್ಕೋತೀವಿ. ನಿನ್ನ ಬಾಯಿಂದ ಬಂದ್ರೆ ಕಡಲು ಲೆಕ್ಕಕ್ಕೆ ತಗೊಳ್ಳಲ್ಲ." ಡಾರ್ಕಸ್ ಅವಳ ಬೆನ್ನು ಸವರಿದಳು. "ನೀನು ನಮ್ಮೋಳಲ್ವಲ್ಲ."

ಅಷ್ಟು ಅಕ್ಕರೆಯಿಂದ ಆ ಊರಿನಲ್ಲಿ ಅವಳನ್ನು ಯಾರೂ ಮಾತಾಡಿಸಿರಲಿಲ್ಲ.

ಕೆಜಾಯ ಕಿವಿ ಮುಚ್ಚಿಕೊಂಡಳು. ನ್ಯಾನ್ ಒಂದು ಕಿವಿಯನ್ನು ಕೈಯಿಂದ, ಇನ್ನೊಂದನ್ನು ಭುಜದಿಂದ ಮುಚ್ಚಿಕೊಂಡಳು. ಗೋಡೆಯುದ್ದಕ್ಕೂ ಮುದುಕರು, ಬಸುರಿಯರು, ಬೆಳಗಾದರೆ ಕಡಲಿಗಿಳಿಯುವ ಗಂಡಸರು, ಎಲ್ಲರ ಅಂಗೈಯೂ ಕಿವಿಗೆ ಹೋಯಿತು.

"ಒಂದೇ ಮಾತು, ಟೀಚರಮ್ಮ. ನಿಮಗೇನು ಭಯ?" ಥ್ವೇಟ್ ಬುಟ್ಟಿಯನ್ನು ಅವಳ ಎದೆಗೇ ಒತ್ತಿದ. "ಹೇಳಿ, ಇವನು ನಿಮ್ಮವನೇ."

ಒದ್ದೆ ಮೂತಿಯೊಂದು ಅವಳ ಹರಿದ ಅಂಗೈಯನ್ನು ಮೂಸಿತು. ಹೆಸ್ಟರ್ ಬಗ್ಗಿ, ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಎಲ್ಲರೂ ಕಾಣುವಂತೆ ಮುಟ್ಟಿದಳು. ಆಮೇಲೆ ಬುಟ್ಟಿಯನ್ನು ಥ್ವೇಟ್‌ನ ಕಡೆಗೇ ನೂಕಿದಳು.

"ಹೇಳಲ್ಲ," ಎಂದಳು.