ಹಗ್ಗದ ಈ ತುದಿ

"ಏಯ್, ನಿಂತ್ಕೊಂಡೇ ಗೊರಕೆ ಹೊಡೀತಿದೀಯೇನೇ ದರಿದ್ರದೋಳೇ? ಆ ಹಗ್ಗ ಬಿಸಾಕಿ ಬಂದು ಮೆಟ್ಟಿಲು ತೊಳಿ! ಮರದ ಪುಡಿಯೆಲ್ಲ ಬಂದು ಕೂತಿದೆ."

ಯಜಮಾನರು ಜಗಲಿಯ ಕುರ್ಚಿಯಿಂದಲೇ ಕೂಗಿದರು. ಹಗ್ಗ ಹಿಡಿಯುವ ಕೆಲಸದಿಂದ ಬೀದಿಗೆಲ್ಲ ಹಗ್ಗದಕ್ಕ ಎನಿಸಿಕೊಂಡಿದ್ದ ಅವಳು ಮೇಲಿಟ್ಟ ಕಣ್ಣು ಕೀಳಲಿಲ್ಲ.

ಅಂಗಳದಲ್ಲಿ ಎರಡು ತಾಳೆಮರ. ಗಿಡ್ಡದು ಒಳಗೊಳಗೇ ಕೊಳೆತಿತ್ತು, ತೆಗೆಯಬೇಕಾಗಿತ್ತು. ಸುತ್ತ ಮನೆಗಳಿರುವಲ್ಲಿ ತಾಳೆಯನ್ನು ಬುಡಕ್ಕೆ ಕಡಿದು ಉರುಳಿಸುವಂತಿಲ್ಲ. ಮೊದಲು ಗರಿ, ಆಮೇಲೆ ತಲೆ, ಆಮೇಲೆ ಕಾಂಡವನ್ನು ಮೊಳ ಮೊಳವೇ ಕೊಯ್ಯುತ್ತ ಇಳಿಯಬೇಕು. ಏರಿದವನು ತನ್ನ ಆಸರೆಯನ್ನು ತಾನೇ ಕೊಯ್ದುಕೊಳ್ಳುವ ಕಸುಬು ಅದು. ಏರಿದವನು ಅವಳ ಗಂಡ. ಅವನ ಸೊಂಟದಿಂದ ಹೊರಟ ಹಗ್ಗ ಪಕ್ಕದ ಎತ್ತರದ ಮರದ ಕತ್ತನ್ನು ಬಳಸಿ ಇಳಿದು, ಅದರ ಬುಡಕ್ಕೆ ಎರಡು ಸುತ್ತು ಸುತ್ತಿ, ಅವಳ ಅಂಗೈಗೆ ಬಂದಿತ್ತು. ಅವನು ಮೊಳ ಇಳಿದರೆ ಅವಳು ಮೊಳ ಬಿಡಬೇಕು. 'ಮೇಲಿನ ತುದಿ ನಿಂದು, ಕೆಳಗಿನದು ನಂದು, ನಡುವೆ ಯಾರನ್ನೂ ಬಿಡಬೇಡಪ್ಪಾ' ಎಂದು ದಿನವೂ ದೇವರ ಹತ್ತಿರ ಮಾತಾಡಿಕೊಂಡೇ ಅವಳು ಹಗ್ಗ ಹಿಡಿಯುತ್ತಿದ್ದಳು. ಆ ಮಾತುಕತೆಯಲ್ಲಿ ಮೆಟ್ಟಿಲು ತೊಳೆಯುವ ವಿಚಾರ ಬಂದಿರಲಿಲ್ಲ.

ಹೋದ ವರ್ಷ ಮೈದುನ ಮೇಲಿದ್ದಾಗ ಒಬ್ಬ ಮನೆಯಾಕೆ, "ಒಂದೇ ನಿಮಿಷ ಬಾರೇ, ಬಟ್ಟೆ ಹರವು" ಎಂದು ಹಗ್ಗ ಹಿಡಿದಿದ್ದ ಓರಗಿತ್ತಿಯನ್ನು ಕರೆದಿದ್ದಳು. ನಿಜಕ್ಕೂ ಒಂದೇ ನಿಮಿಷ. ಮೈದುನ ಈಗ ಗೋಡೆ ಹಿಡಿದು ನಡೆಯುತ್ತಾನೆ.

"ಅಯ್ಯಾ, ಬಿಟ್ರೆ ನಮ್ಮೋರು ಬೀಳ್ತಾರೆ."

"ಕಂಬಕ್ಕೆ ಕಟ್ಟೇ!"

"ಬಿಡು ಅಂದಾಗ ಕಂಬ ಬಿಡಲ್ಲ, ಅಯ್ಯಾ. ಅದಕ್ಕೆ ಕಿವಿ ಇಲ್ಲ."

"ಬಾಯಿ ನೋಡು ಮುಂಡೇದರದ್ದು! ಹಗ್ಗ ಹಿಡ್ಕೊಂಡು ನಿಲ್ಲೋದೂ ಒಂದು ಕೆಲಸವೇನೇ? ನಮ್ಮನೆ ನಾಯೀನೂ ಮಾಡುತ್ತೆ. ತೊಳೀತೀಯೋ, ಇಲ್ಲ ಈ ಬೀದೀಲಿ ಇನ್ನೊಂದು ಮರ ಮುಟ್ಟದ ಹಾಗೆ ಮಾಡ್ಲೋ?"

ಅವರು ಮಾಡಬಲ್ಲವರೇ. ಬೀದಿಯ ಹದಿನೆಂಟು ಅಂಗಳಗಳಲ್ಲೂ ಅವರ ಮಾತು ನಡೆಯುತ್ತಿತ್ತು, ಹದಿನೆಂಟರಲ್ಲೂ ತಾಳೆಯಿತ್ತು.

"ಏನಂತೇ?" ಮೇಲಿನಿಂದ ಗಂಡ ಕೂಗಿದ.

"ಮೆಟ್ಟಿಲು ತೊಳೀಬೇಕಂತೆ!"

"ನಾನು ಬಿದ್ಮೇಲೆ ಹೆಂಗೂ ತೊಳೀಲೇಬೇಕಲ್ಲ, ಎರಡೆರಡು ಸಲ ಯಾಕೆ ಅಂತ ಕೇಳು!"

ಪಕ್ಕದ ಕಾಂಪೌಂಡಿನ ಮೇಲೆ ಗಲ್ಲ ಊರಿ ನಿಂತಿದ್ದ ಮೇಷ್ಟ್ರು ಕಿಸಕ್ಕೆಂದರು. ಹಗ್ಗದಕ್ಕನಿಗೂ ನಗು ಬಂತು. ನಗುವಿನ ಬೆನ್ನಿಗೇ ಉಪಾಯವೂ ಬಂತು.

"ಅಯ್ಯಾ, ನೀವಂದಿದ್ದು ಸರಿ ಬಿಡಿ. ಇದೇನು ಮಹಾ ಕೆಲಸ? ಬನ್ನಿ, ಒಂದು ಗಳಿಗೆ ಹಿಡ್ಕೊಳ್ಳಿ. ತೊಳೆದು ಬಂದ್ಬಿಡ್ತೀನಿ."

"ನಾನಾ?"

"ಹಿಡೀರಿ ಸ್ವಾಮಿ," ಎಂದರು ಮೇಷ್ಟ್ರು. "ನಾಯಿ ಮಾಡೋ ಕೆಲಸ, ನಿಮ್ಮ ಕೈಲಿ ಆಗಲ್ವೇ?"

ಇನ್ನೆರಡು ತಲೆಗಳು ಕಾಂಪೌಂಡಿನ ಮೇಲೆ ಮೂಡಿದವು. ಯಜಮಾನರು ಎದ್ದು ಬಂದು ಹಗ್ಗ ಕಸಿದುಕೊಂಡರು. ಅದರ ಬಾಲವನ್ನು ಹಗ್ಗದಕ್ಕ ಅವರ ಬೆನ್ನ ಹಿಂದಿನಿಂದ ತನ್ನ ಸೊಂಟಕ್ಕೆ ಬಳಸಿ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಅವರಿಗದು ಗೊತ್ತಾಗಲಿಲ್ಲ. ಅವರ ಕಣ್ಣು ಆಗಲೇ ಆಕಾಶದಲ್ಲಿತ್ತು.

ಮೇಲಿದ್ದವನು ಮಾತ್ರ ಎಲ್ಲವನ್ನೂ ನೋಡಿದ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ. ಅವಳ ಆಟ ತಿಳಿದು, ಬೇಕೆಂದೇ ಗಾಬರಿಯ ದನಿ ತೆಗೆದ.

"ಅಯ್ಯಾ, ಭದ್ರ! ಮೊಳ ಬಿಡಿ! ಅಯ್ಯಯ್ಯೋ, ಅಷ್ಟಲ್ಲ! ಸತ್ನಲ್ಲಪ್ಪೋ!"

ಅವನು ಬಿಟ್ಟ ತುಂಡು ಧೊಪ್ಪೆಂದು ಬಿತ್ತು. ಯಜಮಾನರ ಕೆನ್ನೆಯಿಂದ ಬೆವರು ಇಳಿಯಿತು. ಕನ್ನಡಕ ಮೂಗಿನ ತುದಿಗೆ ಜಾರಿತು. ಸರಿಮಾಡಲು ಮೂರನೇ ಕೈ ಇರಲಿಲ್ಲ.

"ತೊಳೆದಾಯ್ತೇನೇ?"

"ಇನ್ನೊಂದು ಮೆಟ್ಟಿಲು, ಅಯ್ಯಾ."

ಇದ್ದದ್ದೇ ನಾಲ್ಕು ಮೆಟ್ಟಿಲು. ಒಂದೇ ಕೈಯಲ್ಲಿ ಎರಡು ಬಕೆಟ್ ಸುರಿದು, ಅವಳು ಆಗಲೇ ಜಗಲಿಯ ಕುರ್ಚಿಯಲ್ಲಿ ಕಾಲು ನೀಡಿದ್ದಳು. ಹಗ್ಗ ಮಾತ್ರ ಸೊಂಟದಲ್ಲಿ ಬಿಗಿಯಾಗಿಯೇ ಇತ್ತು. ಗಂಡ ಕೇಳಿದಷ್ಟನ್ನು ಮಾತ್ರ ಅವಳು ಬಿಡುತ್ತಿದ್ದಳು.

"ಇನ್ನೆಷ್ಟು ತುಂಡಯ್ಯಾ?" ಯಜಮಾನರ ದನಿಯಲ್ಲಿ ಅಳುವಿತ್ತು. ಅವನನ್ನು ಅಯ್ಯಾ ಎಂದದ್ದು ಅವರ ಅರಿವಿಗೇ ಬರಲಿಲ್ಲ.

"ಹನ್ನೊಂದು!"

ಒಳಗಿನಿಂದ ಯಜಮಾನಿ ಕೂಗಿದರು. "ರೀ, ಫೋನು! ಅಳಿಯಂದಿರು!"

"ಬರಕ್ಕಾಗಲ್ಲ ಕಣೇ! ಮೇಲೆ ಜೀವ ಇದೆ!"

"ಅವಳ ಕೈಗೆ ಕೊಟ್ಟು ಬನ್ನಿ. ಎಲ್ಲಿ ಹೋದ್ಲು ಅವಳು?"

ಯಜಮಾನರು ಕಣ್ಣಂಚಿನಲ್ಲಿ ಜಗಲಿಯ ಕಡೆ ನೋಡಿದರು.

"ಕೂತಿದಾಳೆ."

"ಕೂತಿದಾಳಾ? ಎಲ್ಲಿ?"

ಮೇಲೆ ಗರಗಸ ಮತ್ತೆ ಶುರುವಾಗಿ ನಿಂತಿತು.

"ಮೊಳ ಬಿಡೀ!"

ಯಜಮಾನರು ಒಂದು ಮೊಳ ಬಿಟ್ಟರು.